ಹೊಸದಾಗಿ ಶುಗರ್ ಬಂದಿದೆಯಾ? ಕಾಸರಗೋಡಿನ ಊಟದಲ್ಲೇ ಕಾರ್ಬ್ ಇಳಿಸುವ ಸಮಗ್ರ ಮಾರ್ಗದರ್ಶಿ

ಶುಗರ್ ಇದೆ ಅಂತ ಗೊತ್ತಾದ ಕೂಡಲೇ ನಮ್ಮ ಕಡೆ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ, ಚಹಕ್ಕೆ ಸಕ್ಕರೆ ಬಿಡುವುದು. ಬೆಳಿಗ್ಗೆಯ ನೀರುದೋಸೆ ಹಾಗೇ ಇರುತ್ತದೆ. ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ, ರಾತ್ರಿಯ ಗಂಜಿ ಎರಡೂ ಹಾಗೇ. ಮೂರು ತಿಂಗಳು ಕಳೆದು ರಕ್ತ ಪರೀಕ್ಷೆ ಮಾಡಿಸಿದಾಗ "ಸಕ್ಕರೆ ಮುಟ್ಟಿಯೇ ಇಲ್ಲ, ಆದರೂ ಇಳಿದಿಲ್ಲ" ಅಂತ ಬೇಸರ. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ದಿನಕ್ಕೆ ಎರಡು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಅಂದರೆ ಸಕ್ಕರೆ ಸುಮಾರು 20 ಗ್ರಾಂ. ಮೂರು ಹೊತ್ತಿನ ಅಕ್ಕಿಯಿಂದ ಬರುವ ಪಿಷ್ಟ ಸುಮಾರು 200 ಗ್ರಾಂ. ಆ ಅಕ್ಕಿಯ ಪಿಷ್ಟವೆಲ್ಲ ಕರಗಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುವುದು. ಪಿಷ್ಟ, ಸಕ್ಕರೆ ಎಲ್ಲ ಸೇರಿ ಕಾರ್ಬ್ (ಕಾರ್ಬೋಹೈಡ್ರೇಟ್) ಅನ್ನುತ್ತಾರೆ.

2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆ) ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಜಾಸ್ತಿ. ಕೇರಳದಲ್ಲಂತೂ ವಯಸ್ಕರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಇದೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಶುಗರಿನ ಮಾತ್ರೆ ಇಲ್ಲದ ಮನೆ ಸಿಗುವುದು ಕಷ್ಟ. ಆದರೂ ಅಂತರ್ಜಾಲದಲ್ಲಿ ಸಿಗುವ ಪಥ್ಯದ ಪಟ್ಟಿ ನೋಡಿದರೆ ಬ್ರಕೋಲಿ, ಅವಕಾಡೊ, ಬಾದಾಮಿ ಹಿಟ್ಟಿನ ರೊಟ್ಟಿ. ಬದಿಯಡ್ಕ ಪೇಟೆಯಲ್ಲಿ ಅದನ್ನೆಲ್ಲ ಹುಡುಕುತ್ತಾ ಕೂತರೆ ಆಯಿತು! ನಮ್ಮ ತೊಂಡೆ, ಅಲಸಂಡೆ, ಬೂತಾಯಿ, ಮಜ್ಜಿಗೆ ಇಟ್ಟುಕೊಂಡೇ ಇದನ್ನು ಮಾಡಬಹುದು.

ಇದು ಟೈಪ್ 2 (ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯ) ಮಧುಮೇಹ ಹೊಸದಾಗಿ ಗೊತ್ತಾದ ವಯಸ್ಕರಿಗೆ ಬರೆದದ್ದು. ಟೈಪ್ 1 (ಇನ್ಸುಲಿನ್ ಬೇಕೇ ಬೇಕಾದ ಬಗೆ) ಇರುವವರು, ಗರ್ಭಿಣಿಯರು, ಮಕ್ಕಳು, ಕಿಡ್ನಿ ತೊಂದರೆ ಇರುವವರು ಡಾಕ್ಟ್ರು ಹೇಳದೆ ಇದರಲ್ಲಿ ಯಾವುದನ್ನೂ ಶುರು ಮಾಡಬೇಡಿ.

ಹಂತ 1: ರಿಪೋರ್ಟ್ ಸರಿಯಾಗಿ ಓದಿ

ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 126 (ಮಿ.ಗ್ರಾಂ/ಡೆಸಿಲೀಟರ್) ಅಥವಾ ಅದಕ್ಕಿಂತ ಮೇಲೆ ಇದ್ದರೆ ಮಧುಮೇಹ. 100ರಿಂದ 125ರ ಒಳಗಿದ್ದರೆ ಅದರ ಹೊಸ್ತಿಲು. ಎಚ್‌ಬಿಎ1ಸಿ ಅನ್ನುವುದು ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದು 6.5 ಶೇಕಡ ಅಥವಾ ಮೇಲಿದ್ದರೆ ಮಧುಮೇಹ, 5.7ರಿಂದ 6.4 ಇದ್ದರೆ ಹೊಸ್ತಿಲು. 7 ಅಂದರೆ ಸರಾಸರಿ ಸುಮಾರು 154, 9 ಅಂದರೆ ಸುಮಾರು 212.

ಬಾಯಾರಿಕೆ, ಪದೇಪದೇ ಮೂತ್ರ ಮುಂತಾದ ಲಕ್ಷಣ ಇಲ್ಲದೆ ಬರೀ ಒಂದು ಪರೀಕ್ಷೆಯಲ್ಲಿ ಜಾಸ್ತಿ ಬಂದಿದ್ದರೆ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳಬೇಕು. ರಕ್ತಹೀನತೆ ಇರುವವರಿಗೆ ಎಚ್‌ಬಿಎ1ಸಿ ಅಂಕೆ ತಪ್ಪು ದಾರಿಗೆ ಎಳೆಯಬಹುದು, ಹಾಗಾಗಿ ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ನೋಡಿ.

ಒಂದು ಎಚ್ಚರಿಕೆ. ತೂಕ ಸುಮ್ನೆ ಇಳಿಯುತ್ತಿದೆ, ತುಂಬ ಬಾಯಾರಿಕೆ, ವಾಂತಿ, ಹೊಟ್ಟೆನೋವು, ಉಸಿರು ಜೋರಾಗಿ ಎಳೆಯುವುದು, ಮಂಪರು ಇದ್ದರೆ ಅದು ಪಥ್ಯದ ಕೆಲಸ ಅಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಹಂತ 2: ಅನ್ನ ಕಡಿಮೆ ಮಾಡುವ ಮೊದಲು ಮಾತ್ರೆಯ ಬಗ್ಗೆ ಮಾತಾಡಿ

ಈ ಇಡೀ ಬರಹದಲ್ಲಿ ಜಾಗ್ರತೆ ಜಾಸ್ತಿ ಬೇಕಾದ ಭಾಗ ಇದು. ಮಾತ್ರೆಯ ಪ್ರಮಾಣವನ್ನು ಡಾಕ್ಟ್ರು ನಿಮ್ಮ ಈಗಿನ ಊಟ ನೋಡಿ ಬರೆದಿರುತ್ತಾರೆ. ಊಟ ಅರ್ಧ ಆಗಿ ಮಾತ್ರೆ ಹಾಗೇ ಉಳಿದರೆ ಶುಗರ್ ತೀರಾ ಕೆಳಗೆ ಹೋಗಬಹುದು.

ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಅದು ಹೊಟ್ಟೆ ಕೆಡಿಸಿದರೆ ಊಟದ ಜೊತೆಗೇ ತೆಗೆದುಕೊಳ್ಳಿ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕಡಿಮೆಯಾಗಬಹುದು, ಸಸ್ಯಾಹಾರಿಗಳು ಇದನ್ನು ನೆನಪಿಟ್ಟುಕೊಳ್ಳಿ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಮತ್ತೆ ಇನ್ಸುಲಿನ್. ಇವುಗಳಲ್ಲಿ ಯಾವುದಾದರೂ ಚೀಟಿಯಲ್ಲಿ ಇದ್ದರೆ ಅನ್ನ ಕಡಿಮೆ ಮಾಡುವ ಮೊದಲೇ ಡಾಕ್ಟ್ರಿಗೆ ಹೇಳಬೇಕು. ಅವರು ಪ್ರಮಾಣ ಇಳಿಸಬಹುದು. ನೀವಾಗಿಯೇ ನಿಲ್ಲಿಸಬೇಡಿ.

ಹೆಸರು "ಗ್ಲಿಫ್ಲೋಜಿನ್" ಅಂತ ಮುಗಿಯುವ ಮಾತ್ರೆಗಳು (ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್) ಬೇರೆ ಥರದ್ದು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಇವುಗಳ ಜೊತೆ ಕಾರ್ಬ್ ತೀರಾ ಕಡಿಮೆ ಮಾಡಿದರೆ, ಅಥವಾ ಉಪವಾಸ ಮಾಡಿದರೆ, ಕೀಟೋಅಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚುವುದು) ಎಂಬ ಅಪಾಯ ಬರಬಹುದು. ಮೋಸ ಎಲ್ಲಿ ಅಂದರೆ ಆಗ ಮೀಟರಿನಲ್ಲಿ ಶುಗರ್ ಹೆಚ್ಚೇನೂ ಕಾಣುವುದಿಲ್ಲ. ವಾಕರಿಕೆ, ಸುಸ್ತು, ಉಸಿರಾಟದ ಕಷ್ಟ ಬಂದರೆ ಕಾಯಬಾರದು. ಬಿಪಿ ಮಾತ್ರೆ ಇದ್ದರೆ ಅದನ್ನೂ ಹೇಳಿ, ಕಾರ್ಬ್ ಇಳಿಸಿದ ಮೊದಲ ವಾರಗಳಲ್ಲಿ ಬಿಪಿಯೂ ಇಳಿಯುವುದುಂಟು.

ಗಡಿ ಊರಿನವರಾದ ನಮಗೆ ಇನ್ನೊಂದು ಸಮಸ್ಯೆ ಇದೆ. ಒಂದು ತಿಂಗಳು ಮಂಗಳೂರಿನ ತಜ್ಞರ ಹತ್ತಿರ ತೋರಿಸುತ್ತೇವೆ. ಇನ್ನೊಂದು ತಿಂಗಳು ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ ಮಾತ್ರೆ ತರುತ್ತೇವೆ. ಡಬ್ಬದ ಹೆಸರು ಬೇರೆ, ಒಳಗಿನ ಔಷಧ ಒಂದೇ ಆಗಿರಬಹುದು. ಬೇರೆ ಬೇರೆ ಅಂತ ತಿಳಿದು ಎರಡನ್ನೂ ನುಂಗಿದರೆ ಕೆಲಸ ಕೆಟ್ಟಿತು. ಎಲ್ಲ ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿ ಒಬ್ಬರೇ ಡಾಕ್ಟ್ರ ಮೇಜಿನ ಮೇಲೆ ಸುರಿಯಿರಿ. ಮಲಯಾಳದಲ್ಲಿ ಬರೆದ ಕರಪತ್ರ ಓದಲಾಗದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಹತ್ತಿರದ ಡಾಕ್ಟ್ರ ಬಳಿಯೂ ನಿಮ್ಮ ಫೈಲ್ ಇರಲಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಎಷ್ಟು ಒದ್ದಾಡಿದರು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಹಂತ 3: ಮೀಟರ್ ತನ್ನಿ, ಒಂದು ವಾರ ಏನೂ ಬದಲಿಸಬೇಡಿ

ಮನೆಯಲ್ಲೇ ಶುಗರ್ ನೋಡುವ ಮೀಟರ್ ಕೊಳ್ಳುವಾಗ ಮೀಟರಿನ ಬೆಲೆ ನೋಡುವುದಕ್ಕಿಂತ ಸ್ಟ್ರಿಪ್ಪಿನ (ರಕ್ತದ ಹನಿ ಹಾಕುವ ಪಟ್ಟಿಯ) ಬೆಲೆ ನೋಡಿ. ಖರ್ಚು ಇರುವುದು ಅದರಲ್ಲಿ. ನಿಮ್ಮ ಪೇಟೆಯ ಮೆಡಿಕಲ್‌ನಲ್ಲಿ ಆ ಸ್ಟ್ರಿಪ್ ಯಾವಾಗಲೂ ಸಿಗುತ್ತದಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ. ಹಲಸಿನ ಹಣ್ಣು ಬಿಡಿಸಿದ ಕೈಯಲ್ಲಿ ಚುಚ್ಚಿದರೆ ಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ. ಬೆರಳಿನ ತುದಿಗೆ ಚುಚ್ಚುವುದಕ್ಕಿಂತ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಒಂದು ತೆಗೆದ ಕೂಡಲೇ ಡಬ್ಬದ ಮುಚ್ಚಳ ಗಟ್ಟಿಯಾಗಿ ಹಾಕಿ. ಒಳ್ಳೆಯ ಮೀಟರ್ ಕೂಡ 15 ಶೇಕಡ ಆಚೀಚೆ ತೋರಿಸಬಹುದು. 150 ಅಂತ ಬಂದರೆ ನಿಜವಾದದ್ದು 130ರಿಂದ 170ರ ಒಳಗೆ ಎಲ್ಲೋ ಇದೆ. ಹಾಗಾಗಿ 142, 148 ಅಂತ ತಲೆ ಕೆಡಿಸಿಕೊಳ್ಳುವುದು ಬೇಡ.

ಮೊದಲ ವಾರ ಎಂದಿನ ಊಟವನ್ನೇ ಮಾಡಿ. ದಿನಕ್ಕೆ ಒಂದು ಹೊತ್ತನ್ನು ಮಾತ್ರ ಆರಿಸಿ. ಮೊದಲ ತುತ್ತಿನ ಮುಂಚೆ ಒಮ್ಮೆ, ಆ ತುತ್ತಿನಿಂದ ಲೆಕ್ಕ ಹಾಕಿ ಸರಿಯಾಗಿ ಎರಡು ಗಂಟೆ ಆದ ಮೇಲೆ ಇನ್ನೊಮ್ಮೆ ನೋಡಿ. ಇವತ್ತು ಬೆಳಿಗ್ಗೆಯದ್ದು, ನಾಳೆ ಮಧ್ಯಾಹ್ನದ್ದು, ನಾಡಿದ್ದು ರಾತ್ರಿಯದ್ದು. ತಿಂದದ್ದು ಎಷ್ಟು ಅಂತ ಪಕ್ಕದಲ್ಲಿ ಬರೆಯಿರಿ. ಇಂಥ ಜೋಡಿ ಅಂಕೆಗೆ ಇರುವ ಬೆಲೆ ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ಬರುವ ಒಂಟಿ ಅಂಕೆಗೆ ಇಲ್ಲ.

ಸಾಮಾನ್ಯವಾಗಿ ಇಡುವ ಗುರಿ ಇಷ್ಟು: ಊಟಕ್ಕೆ ಮುಂಚೆ 80ರಿಂದ 130, ಊಟ ಆದ ಮೇಲೆ 180ರ ಒಳಗೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಡಾಕ್ಟ್ರು ಸಡಿಲ ಮಾಡುತ್ತಾರೆ. ನಾನು ನೋಡುವುದು ಏರಿಕೆಯನ್ನು. ಊಟದಿಂದ 50ರ ಒಳಗೆ ಏರಿದರೆ ಆ ಊಟ ಪರವಾಗಿಲ್ಲ. 90, 100 ಏರಿದರೆ ತಟ್ಟೆಯಲ್ಲಿ ಏನೋ ಬದಲಾಗಬೇಕು.

ಹಂತ 4: ಕಾರ್ಬ್ ಎಲ್ಲಿ ಅಡಗಿದೆ ಅಂತ ಹುಡುಕಿ

ಅನ್ನ ತೂಗಬೇಡಿ, ಅಕ್ಕಿ ತೂಗಿ. ಅನ್ನದಲ್ಲಿ ನೀರು ಎಷ್ಟಿದೆ ಅಂತ ಹೇಳಲಾಗುವುದಿಲ್ಲ, ಗಂಜಿಯಲ್ಲಂತೂ ಕೇಳುವುದೇ ಬೇಡ. ಅಕ್ಕಿಯ ಲೆಕ್ಕ ಸುಲಭ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್. ಅಂದರೆ 20 ಗ್ರಾಂ ಅಕ್ಕಿಗೆ 15 ಗ್ರಾಂ ಕಾರ್ಬ್ ಅಂತ ನೆನಪಿಟ್ಟುಕೊಂಡರೆ ಸಾಕು. ನಿಮ್ಮ ಮನೆಯ ಕುಡ್ತೆಯಲ್ಲಿ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆ ಅಂತ ಒಮ್ಮೆ ತೂಗಿ ನೋಡಿ. ಅಷ್ಟು ಅಕ್ಕಿಯನ್ನು ಎಷ್ಟು ಜನ ತಿಂದಿರಿ ಅಂತ ಭಾಗಿಸಿದರೆ ಲೆಕ್ಕ ಮುಗಿಯಿತು.

ಈಗ ಎಲ್ಲರೂ ಕೇಳುವ ಪ್ರಶ್ನೆ: "ನಾವು ಕುಚ್ಚಲಕ್ಕಿ ಅಲ್ವಾ ಉಣ್ಣುವುದು, ಅದರಲ್ಲೂ ಇದೆಯಾ?" ಇದೆ. ಕುಚ್ಚಲಕ್ಕಿಯಲ್ಲಿ ಬೆಳ್ತಿಗೆಗಿಂತ ನಾರು ಸ್ವಲ್ಪ ಜಾಸ್ತಿ ಇರಬಹುದು, ಶುಗರ್ ಏರುವುದೂ ಸ್ವಲ್ಪ ನಿಧಾನ. ಆದರೆ ಕಾರ್ಬ್ ಹೆಚ್ಚುಕಮ್ಮಿ ಅಷ್ಟೇ. ಎರಡು ಸೌಟು ಕುಚ್ಚಲಕ್ಕಿ ಅನ್ನ ಒಂದು ಸೌಟು ಬೆಳ್ತಿಗೆ ಅನ್ನಕ್ಕಿಂತ ಶುಗರನ್ನು ಜಾಸ್ತಿಯೇ ಏರಿಸುತ್ತದೆ. ತಂಗಳನ್ನದ ಕಥೆಯೂ ಇಷ್ಟೇ. ಅನ್ನ ತಣಿದಾಗ ಪಿಷ್ಟದ ಒಂದು ಪಾಲು ಜೀರ್ಣ ಆಗದ ರೂಪಕ್ಕೆ ಹೋಗುತ್ತದೆ ಅನ್ನುವುದು ಸರಿ, ಆದರೆ ಪಾಲು ಸಣ್ಣದು.

ನೀರುದೋಸೆ ತೆಳ್ಳಗೆ ಕಾಣುತ್ತದೆ, ಮೋಸ ಹೋಗಬೇಡಿ. ಒಂದಕ್ಕೆ 20 ಗ್ರಾಂ ಅಕ್ಕಿ ಹೋಗಿದ್ದರೆ 15 ಗ್ರಾಂ ಕಾರ್ಬ್. ನಾಲ್ಕು ತಿಂದರೆ 60. ಸೇಮಿಗೆ, ಪುಂಡಿ, ಕೊಟ್ಟಿಗೆ, ಪತ್ತಿರಿ, ಪುಟ್ಟು ಎಲ್ಲದರ ಒಳಗೂ ಇರುವುದು ಅದೇ ಅಕ್ಕಿ. ಒಂದು ಪುಟ್ಟಿಗೆ 100 ಗ್ರಾಂ ಹಿಟ್ಟು ಹಿಡಿದರೆ ಅದೊಂದರಲ್ಲೇ 80 ಗ್ರಾಂ ಹತ್ತಿರ ಬಂತು. ಅದರ ಜೊತೆ ಬಾಳೆಹಣ್ಣು ಹಿಚುಕಿ ತಿನ್ನುವವರ ಲೆಕ್ಕ ಹಾಕಲು ನನಗೇ ಭಯ. ಅನ್ನ ಬಿಟ್ಟು ಗೋಧಿಗೆ ಹೋದರೂ ದೊಡ್ಡ ವ್ಯತ್ಯಾಸ ಇಲ್ಲ. ಒಂದು ಸಾಧಾರಣ ಚಪಾತಿಯಲ್ಲಿ 15ರಿಂದ 20 ಗ್ರಾಂ ಇರುತ್ತದೆ. ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುವುದು ಪಥ್ಯ ಅಲ್ಲ.

ಗೆಡ್ಡೆಗಳಲ್ಲಿ ಮರಗೆಣಸು ಎಲ್ಲಕ್ಕಿಂತ ಮುಂದೆ, 100 ಗ್ರಾಂ ಹಸಿಗೆಣಸಿನಲ್ಲಿ 38 ಗ್ರಾಂ. ಜೀಗುಜ್ಜೆಯಲ್ಲಿ 27. ಪಲ್ಯ ಅಂತ ತಿಂದರೂ ಅದನ್ನು ಅನ್ನದ ಲೆಕ್ಕಕ್ಕೇ ಹಾಕಿ. ಹಣ್ಣಾದ ನೇಂದ್ರದಲ್ಲಿ 30ರ ಮೇಲೆ. ಹಲಸಿನ ಹಣ್ಣಿನಲ್ಲಿ 23, ಒಂದು ಸೊಳೆಗೆ ಸುಮಾರು 5 ಗ್ರಾಂ. ಎರಡು ಸೊಳೆ ತಿಂದು ಕೈ ತೊಳೆಯುವ ಶಕ್ತಿ ಇದ್ದರೆ ಹಲಸು ತಿನ್ನಬಹುದು. ಪೇರಳೆ, ಪಪ್ಪಾಯಿ ಇವಕ್ಕಿಂತ ವಾಸಿ. ಎಳನೀರಿನಲ್ಲಿ 100 ಮಿಲಿಗೆ 4 ಗ್ರಾಂ ಆಸುಪಾಸು, ಒಂದು ಎಳನೀರು ಅಂದರೆ ಎರಡು ಚಮಚ ಸಕ್ಕರೆ.

ಬೆಲ್ಲ, ಜೇನು, ತೆಂಗಿನ ಸಕ್ಕರೆ ಯಾವುದಕ್ಕೂ ವಿನಾಯಿತಿ ಇಲ್ಲ. ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದ ಕಲ್ಪರಸ ನಮಗೆಲ್ಲ ಹೆಮ್ಮೆಯ ವಿಷಯ, ರುಚಿಯೂ ಚೆನ್ನ. ಆದರೆ ತೆಂಗಿನ ಹೊಂಬಾಳೆಯ ಆ ರಸ ಸಿಹಿ ಇರುವುದು ಸಕ್ಕರೆಯಿಂದಲೇ. ಅತಿಥಿಗಳಿಗೆ ಕೊಡಿ.

ಇನ್ನು ಧಾರಾಳವಾಗಿ ತಿನ್ನಬಹುದಾದದ್ದು. ಬಸಳೆ, ಹರಿವೆ, ನುಗ್ಗೆಸೊಪ್ಪು, ತೊಂಡೆ, ಬೆಂಡೆ, ಅಲಸಂಡೆ, ಹೀರೆ, ಪಡುವಲ, ಹಾಗಲ, ಸೋರೆ, ಬೂದುಗುಂಬಳ, ಮಂಗಳೂರು ಸೌತೆ, ಬಾಳೆದಿಂಡು, ಬಾಳೆ ಹೂವು. ಮೀನು, ಕೋಳಿಯಲ್ಲಿ ಕಾರ್ಬ್ ಇಲ್ಲವೇ ಇಲ್ಲ ಅನ್ನಬಹುದು, ಮೊಟ್ಟೆಯಲ್ಲಿ ಅರ್ಧ ಗ್ರಾಂ. ಎಳೆ ಗುಜ್ಜೆಯ ಪಲ್ಯವೂ ಮಿತವಾಗಿ ನಡೆಯುತ್ತದೆ.

ಹಂತ 5: ನಿಮ್ಮ ಸಂಖ್ಯೆ ನಿರ್ಧರಿಸಿ

ನಮ್ಮ ಸಾಮಾನ್ಯ ದಿನದ ಊಟದಲ್ಲಿ 250ರಿಂದ 300 ಗ್ರಾಂ ಕಾರ್ಬ್ ಸಲೀಸಾಗಿ ಹೋಗುತ್ತದೆ. ದಿನಕ್ಕೆ 130 ಗ್ರಾಂಗಿಂತ ಕೆಳಗೆ ಬಂದರೆ ಅದನ್ನು ಕಡಿಮೆ ಕಾರ್ಬ್ ಊಟ ಅನ್ನುತ್ತಾರೆ. 20ರಿಂದ 50 ಗ್ರಾಂ ಅಂದರೆ ಕೀಟೋ. ಹೊಸಬರಿಗೆ ಕೀಟೋ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅನ್ನ ಒಂದು ಅಗುಳೂ ಇಲ್ಲದ ಊಟವನ್ನು ನಮ್ಮವರು ಎರಡು ವಾರ ಮಾಡುತ್ತಾರೆ, ಮೂರನೇ ವಾರ ಯಾರದ್ದೋ ಉಪನಯನ ಬರುತ್ತದೆ, ಅಲ್ಲಿಗೆ ಮುಗಿಯಿತು.

ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲಿ, ಒಟ್ಟು ಕಾರ್ಬ್ ಇಳಿಸುವುದರಿಂದ ಶುಗರ್ ಹತೋಟಿಗೆ ಬರುತ್ತದೆ ಅನ್ನುವುದಕ್ಕೆ ಬೇರೆ ಪಥ್ಯಗಳಿಗಿಂತ ಹೆಚ್ಚು ಆಧಾರ ಇದೆ ಅಂದಿತು. ನಮ್ಮದೇ ಐಸಿಎಂಆರ್-ಇಂಡಿಯಾಬ್ ತಂಡ 2022ರಲ್ಲಿ ಹೊಸದಾಗಿ ಮಧುಮೇಹ ಬಂದವರಿಗೆ ಸೂಚಿಸಿದ್ದು ಇಷ್ಟೊಂದು ಕಡಿಮೆ ಏನಲ್ಲ. ದಿನದ ಕ್ಯಾಲೊರಿಯಲ್ಲಿ 49ರಿಂದ 54 ಶೇಕಡ ಕಾರ್ಬ್, ಜೊತೆಗೆ ಪ್ರೋಟೀನ್ 20 ಶೇಕಡದ ಹತ್ತಿರ. 1,800 ಕ್ಯಾಲೊರಿ ತಿನ್ನುವವರಿಗೆ ಅದು 220ರಿಂದ 240 ಗ್ರಾಂ ಕಾರ್ಬ್ ಆಗುತ್ತದೆ. 130 ಆಗುವುದೇ ಇಲ್ಲ ಅನ್ನುವವರು 200ಕ್ಕೆ ಇಳಿಸಿದರೂ ಲಾಭ ಇದೆ ಅನ್ನುವುದಕ್ಕೆ ಇದು ಸಾಕು.

ಅಳತೆಯ ವಾರ ಮುಗಿದ ಮೇಲೆ, ಎರಡನೇ ವಾರ ಒಂದು ಹೊತ್ತು ಮಾತ್ರ ಬದಲಿಸಿ. ಯಾವ ಹೊತ್ತಿನಲ್ಲಿ ಏರಿಕೆ ಜಾಸ್ತಿಯೋ ಅದರಿಂದ ಶುರು. ಮುಂದಿನ ವಾರ ಇನ್ನೊಂದು. 130ರ ಹಂಚಿಕೆ ಹೀಗಿರಬಹುದು: ಬೆಳಿಗ್ಗೆ 30, ಮಧ್ಯಾಹ್ನ 45, ರಾತ್ರಿ 35, ಹಾಲು ಹಣ್ಣು ಅಂತ 20. ಊಟದ ನಂತರದ ಅಂಕೆ ಗುರಿಯೊಳಗೆ ಬಂತಾ, ಅಲ್ಲೇ ನಿಲ್ಲಿ. ಪಕ್ಕದ ಮನೆಯ ಭಾವ 60 ಗ್ರಾಂಗೆ ಇಳಿಸಿದ್ದಾನೆ ಅಂತ ಸ್ಪರ್ಧೆ ಬೇಡ.

ಹಂತ 6: ಹೊತ್ತು ಹೊತ್ತಿನ ಊಟ

ಬೆಳಗಿನ ತಿಂಡಿ ನಮ್ಮ ದೊಡ್ಡ ತೊಂದರೆ. ಅಕ್ಕಿಯ ದೋಸೆಗೆ ತೆಂಗಿನ ಚಟ್ನಿ, ಇದರಲ್ಲಿ ಪ್ರೋಟೀನ್ ಎಲ್ಲಿ? ಹತ್ತು ಗಂಟೆಗೆ ಮತ್ತೆ ಹಸಿವು. ಸುಲಭದ ಬದಲಾವಣೆ ನಮ್ಮ ಹಳೆಯ ಅಡುಗೆಯಲ್ಲೇ ಇದೆ. ಸೌತೆಕಾಯಿ ತೆಳ್ಳವು, ಬಾಳೆದಿಂಡಿನ ದೋಸೆ, ನುಗ್ಗೆಸೊಪ್ಪಿನ ದೋಸೆ. ಇವುಗಳಲ್ಲಿ ತರಕಾರಿ ಹೆಚ್ಚಿಸಿ ಅಕ್ಕಿ ಇಳಿಸುತ್ತಾ ಹೋಗಿ, ಕಾವಲಿಯಿಂದ ಏಳುವಷ್ಟು ಅಕ್ಕಿ ಇದ್ದರೆ ಸಾಕು. ಪತ್ರೊಡೆಯಲ್ಲೂ ಎಲೆ ಜಾಸ್ತಿ, ಹಿಟ್ಟು ತೆಳ್ಳಗೆ ಸವರಿ, ಬೆಲ್ಲ ಬಿಡಿ. ಹೆಸರುಕಾಳು ನೆನೆಸಿ ಶುಂಠಿ, ಹಸಿಮೆಣಸು ಹಾಕಿ ರುಬ್ಬಿದ ದೋಸೆ ಇನ್ನೂ ಒಳ್ಳೆಯದು. 50 ಗ್ರಾಂ ಕಾಳಿನಲ್ಲಿ ಕಾರ್ಬ್ ಸುಮಾರು 30 ಗ್ರಾಂ, ಅದರಲ್ಲಿ ನಾರೇ 8 ಗ್ರಾಂ, ಪ್ರೋಟೀನ್ 12. ನೀರುದೋಸೆಯೇ ಬೇಕಾ, ಎರಡೇ ಹಾಕಿಕೊಳ್ಳಿ. ಜೊತೆಗೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಕಡಲೆ ಗಸಿ. ಕಡಲೆಯಲ್ಲೂ ಕಾರ್ಬ್ ಇದೆ, ಆದ್ದರಿಂದ ಅದು ಇದ್ದ ದಿನ ದೋಸೆ ಒಂದೇ.

ಮಧ್ಯಾಹ್ನ ಬಾಳೆಲೆಯಾಗಲಿ ತಟ್ಟೆಯಾಗಲಿ, ಅರ್ಧ ಭಾಗಕ್ಕೆ ಎರಡು ಬಗೆ ಪಲ್ಯ. ಕಾಲು ಭಾಗಕ್ಕೆ ಮೀನು, ಕೋಳಿ, ಪನೀರ್ ಅಥವಾ ಕಾಳಿನ ಪದಾರ್ಥ. ಉಳಿದ ಕಾಲು ಭಾಗ ಅನ್ನ, 40 ಗ್ರಾಂ ಅಕ್ಕಿಯದ್ದು, ಅಂದರೆ 30 ಗ್ರಾಂ ಕಾರ್ಬ್. ತಿನ್ನುವ ಕ್ರಮವೂ ಮುಖ್ಯ. ಮೊದಲು ಪಲ್ಯ ಮತ್ತು ಮೀನು, ಕೊನೆಗೆ ಅನ್ನ. ಅದೇ ಊಟ, ಕ್ರಮ ಬದಲಾದರೆ ಏರಿಕೆ ಕಡಿಮೆ. ಮಜ್ಜಿಗೆ ಅನ್ನ ಇಲ್ಲದೆ ಊಟ ಮುಗಿದ ಹಾಗೇ ಆಗುವುದಿಲ್ಲ ನಮಗೆ, ಅಲ್ವಾ? ಹಾಗಾದರೆ ಸಾಂಬಾರನ್ನು ಪಲ್ಯದ ಜೊತೆಗೇ ಕಲಸಿ ತಿನ್ನಿ, ಆ ಅನ್ನ ಪೂರ್ತಿ ಮಜ್ಜಿಗೆಗೆ ಉಳಿಸಿಕೊಳ್ಳಿ. ತಂಬುಳಿ, ಮೇಲಾರ, ಸಾಸಮೆ ಹಾಕುವ ಕೈ ಧಾರಾಳ ಇರಲಿ. ತಿಮರೆ ತಂಬುಳಿಯನ್ನು ಲೋಟದಲ್ಲೇ ಕುಡಿಯಬಹುದು. ಮೆಣಸ್ಕಾಯಿ, ಗೊಜ್ಜಿಗೆ ಹಾಕುವ ಬೆಲ್ಲದ ಮೇಲೆ ಮಾತ್ರ ಕಣ್ಣಿಡಿ. ಸಾಂಬಾರಿಗೆ ಬಟಾಟೆ ಬದಲು ಸೌತೆ.

ಮೀನು ತಿನ್ನುವವರಿಗೆ ದಾರಿ ಸಲೀಸು. ಬೂತಾಯಿ, ಬಂಗುಡೆ ಅಗ್ಗವೂ ಹೌದು, ಹೃದಯಕ್ಕೆ ಒಳ್ಳೆಯ ಕೊಬ್ಬೂ ಹೌದು. ಸಸ್ಯಾಹಾರಿಗಳು ಪ್ರೋಟೀನಿಗೆ ಸ್ವಲ್ಪ ಯೋಚನೆ ಮಾಡಬೇಕು. ತೂಕದ ಕಿಲೋಗೆ ಒಂದು ಗ್ರಾಂ ಅಂತ ಇಟ್ಟುಕೊಂಡರೆ 60 ಕಿಲೋದವರಿಗೆ ದಿನಕ್ಕೆ 60 ಗ್ರಾಂ ಬೇಕು. 100 ಗ್ರಾಂ ಪನೀರಿನಲ್ಲಿ 18 ಗ್ರಾಂ, ಅಷ್ಟೇ ನೆಲಗಡಲೆಯಲ್ಲಿ 25 ಗ್ರಾಂ. ಗಟ್ಟಿ ಮೊಸರು, ಸೋಯಾ, ಹುರುಳಿ, ಹೆಸರು ಸೇರಿಸಿ ಅಲ್ಲಿಗೆ ತಲುಪಬೇಕು. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಸಂಜೆ ಚಹಾ ಅಂಗಡಿಯಲ್ಲಿ "ವಿತೌಟ್" (ಸಕ್ಕರೆ ಇಲ್ಲದ್ದು) ಅಂದರೆ ಸಾಕು, ಕೇರಳದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಕಟ್ಟನ್ ಚಾಯ ಆದರೆ ಹಾಲಿನ ಲೆಕ್ಕವೂ ಇಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಪಳಂಪೊರಿ, ಗೋಳಿಬಜೆ, ಬನ್ಸ್ ಕಡೆ ನೋಡಬೇಡಿ. ಜೇಬಿನಲ್ಲಿ ಒಂದು ಮುಷ್ಟಿ ಹುರಿದ ನೆಲಗಡಲೆ ಇಟ್ಟುಕೊಳ್ಳಿ. ಗೇರುಬೀಜವೂ ಆಗುತ್ತದೆ, ಆದರೆ 30 ಗ್ರಾಂಗೆ 9 ಗ್ರಾಂ ಕಾರ್ಬ್ ಇದೆ, ಎಣಿಸಿ ತಿನ್ನಿ.

ರಾತ್ರಿಯ ಗಂಜಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. 30 ಗ್ರಾಂ ಕುಚ್ಚಲಕ್ಕಿ, 20 ಗ್ರಾಂ ಹೆಸರುಕಾಳು ಒಟ್ಟಿಗೆ ಬೇಯಿಸಿ. ತಿಳಿ ಜಾಸ್ತಿ ಇರಲಿ. ಒಟ್ಟು ಕಾರ್ಬ್ 35 ಗ್ರಾಂ, ಬಟ್ಟಲು ಮಾತ್ರ ತುಂಬಿಯೇ ಕಾಣುತ್ತದೆ. ಜೊತೆಗೆ ದೊಡ್ಡ ಪಾಲು ಪಲ್ಯ, ಬೂತಾಯಿ ಪುಳಿಮುಂಚಿ ಅಥವಾ ಮೊಟ್ಟೆ. ಹಲಸಿನ ಹಪ್ಪಳ ಅಂದರೂ ಹಲಸೇ, ಒಂದಕ್ಕೆ ನಿಲ್ಲಿಸಿ. ಏಳೂವರೆಗೆ ಉಂಡು ಹತ್ತು ಹದಿನೈದು ನಿಮಿಷ ನಡೆಯಿರಿ. ಮಳೆಗಾಲದಲ್ಲಿ ಜಗಲಿಯಲ್ಲೇ ಆಚೀಚೆ ನಡೆದರೂ ಊಟದ ನಂತರದ ಅಂಕೆಯಲ್ಲಿ ಅದು ಕಾಣುತ್ತದೆ. ಬೆಳಿಗ್ಗೆ ತೋಟದಲ್ಲಿ ದುಡಿದಿದ್ದೇನೆ ಅನ್ನುವ ಸಮಾಧಾನ ರಾತ್ರಿಯ ಗಂಜಿಗೆ ಸಾಲುವುದಿಲ್ಲ.

ತೆಂಗಿನ ಬಗ್ಗೆ ಒಂದು ಮಾತು. ತೆಂಗಿನಕಾಯಿಯಲ್ಲಿ ಕಾರ್ಬ್ ಕಡಿಮೆ, ನಾರು ಜಾಸ್ತಿ, ಹಾಗಾಗಿ ಶುಗರಿಗೆ ತೊಂದರೆ ಇಲ್ಲ. ಆದರೆ ಅದರ ಕೊಬ್ಬು ಹೆಚ್ಚಾಗಿ ಸ್ಯಾಚುರೇಟೆಡ್. ಅನ್ನ ಬಿಟ್ಟ ಜಾಗಕ್ಕೆ ಪೂರ್ತಿ ತೆಂಗಿನಕಾಯಿ, ತೆಂಗಿನೆಣ್ಣೆ, ತುಪ್ಪ ತುಂಬಿಸಿದರೆ ಕೆಲವರಿಗೆ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಎಂದಿನಷ್ಟು ಹಾಕಿ, ಹೆಚ್ಚಿಸಬೇಡಿ.

ಹಂತ 7: ಜಂಬರ, ಉಪವಾಸ, ಆಟ

ಜಂಬರದ ಪಂಕ್ತಿಯಲ್ಲಿ ಬಡಿಸುವವರ ಕೈ ತಡೆಯುವುದೇ ಕಷ್ಟ. "ಒಂದು ದಿವಸಕ್ಕೆ ಏನಾಗ್ತದೆ ಅಣ್ಣ, ಒಂದು ಸೌಟು ಪಾಯಸ" ಅನ್ನುತ್ತಾರೆ. ಎಲೆಯ ಮೇಲೆ ಕೈ ಅಡ್ಡ ಇಟ್ಟು "ಪಲ್ಯ ಇನ್ನೊಮ್ಮೆ ಬರಲಿ" ಅನ್ನಿ. ತಿನ್ನುವವರು ಅಂತಲೇ ಕಾಣುತ್ತೀರಿ, ಯಾರಿಗೂ ಬೇಸರ ಆಗುವುದಿಲ್ಲ. ಪಾಯಸವೋ ಹೋಳಿಗೆಯೋ ಒಂದನ್ನು ಆರಿಸಿ, ಅವತ್ತು ಅನ್ನ ನೆಪಕ್ಕೆ. ಮಧೂರಿಗೆ ಹೋದವರು ಪ್ರಸಾದದ ಅಪ್ಪ ಒಂದು ತುಂಡು ಬಾಯಿಗೆ ಹಾಕಿ, ಉಳಿದದ್ದು ಮನೆಗೆ.

ಏಕಾದಶಿಯ ಉಪವಾಸ ಅಂತ ಎರಡು ಬಟ್ಟಲು ಅವಲಕ್ಕಿ, ನಾಲ್ಕು ಬಾಳೆಹಣ್ಣು ತಿಂದರೆ ಅದು ಊಟಕ್ಕಿಂತ ಭಾರಿ. ಪೂರ್ತಿ ಉಪವಾಸವೋ, ರಂಜಾನಿನ ವ್ರತವೋ ಇದ್ದರೆ ಮಾತ್ರೆಯ ಹೊತ್ತು ಬದಲಾಗಬೇಕು, ವಾರ ಮುಂಚೆ ಡಾಕ್ಟ್ರನ್ನು ಕೇಳಿ. ರಾತ್ರಿಯಿಡೀ ಯಕ್ಷಗಾನ ನೋಡುವವರು ಮಾತ್ರೆ ನುಂಗಿ ಊಟ ತಪ್ಪಿಸಬೇಡಿ. ಚೆಂಡೆಯ ಸದ್ದಿನಲ್ಲಿ ಕೈ ನಡುಗುವುದು ಗೊತ್ತಾಗುವುದಿಲ್ಲ ಮಾರಾಯ್ರೆ!

ಹಂತ 8: ಶುಗರ್ ಕೆಳಗೆ ಹೋದರೆ

70ಕ್ಕಿಂತ ಕೆಳಗೆ ಅಂದರೆ ಅಪಾಯ. ಬೆವರು, ನಡುಕ, ಎದೆ ಬಡಿತ, ಸಿಡುಕು, ಕಣ್ಣು ಮಂಜು. ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಚಾಕಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನ ಏರುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೆ ಅಷ್ಟೇ. ಸರಿಯಾದ ಮೇಲೆ ಸ್ವಲ್ಪ ಊಟ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಗ್ಲಿಮೆಪಿರೈಡ್ ಥರದ ಮಾತ್ರೆಯಿಂದ ಇಳಿದರೆ ಗಂಟೆಗಳ ನಂತರ ಮತ್ತೆ ಇಳಿಯಬಹುದು, ಆದ್ದರಿಂದ ಸುಧಾರಿಸಿತು ಅಂತ ಒಬ್ಬರೇ ಮಲಗಬೇಡಿ. ತೋಟಕ್ಕೆ ಹೋಗುವಾಗ ಸೊಂಟದಲ್ಲಿ ಒಂದು ಸಣ್ಣ ಸಕ್ಕರೆ ಪೊಟ್ಟಣ ಇರಲಿ.

ಇನ್ನೊಂದು ವಿಷಯ ಇದೆ. ಬಹಳ ಕಾಲ 250, 300ರಲ್ಲಿ ಇದ್ದವರಿಗೆ 110ಕ್ಕೆ ಬಂದಾಗಲೂ ಹೀಗೇ ನಡುಗಿದ ಹಾಗೆ ಆಗುತ್ತದೆ. ಮೀಟರ್ ನೋಡಿ. 110 ಇದ್ದರೆ ಸಕ್ಕರೆ ಬೇಡ, ಸ್ವಲ್ಪ ಕೂತರೆ ಸರಿಯಾಗುತ್ತದೆ. ಕೆಲವು ವಾರದಲ್ಲಿ ದೇಹಕ್ಕೆ ರೂಢಿಯಾಗುತ್ತದೆ.

ಮೊದಲ ವಾರಗಳ ಕಿರಿಕಿರಿ

ತಲೆನೋವು, ಸುಸ್ತು, ಕಾಲು ಹಿಡಿದುಕೊಳ್ಳುವುದು. ಕಾರ್ಬ್ ಇಳಿದಾಗ ದೇಹ ನೀರು, ಉಪ್ಪು ಜಾಸ್ತಿ ಹೊರಗೆ ಹಾಕುತ್ತದೆ. ಬಿಪಿ ಇಲ್ಲದವರು ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬಿಪಿ ಇರುವವರು ಉಪ್ಪು ಸೇರಿಸದೆ ಡಾಕ್ಟ್ರಿಗೆ ಹೇಳಿ. ಮಲಬದ್ಧತೆಗೆ ಬಾಳೆದಿಂಡು, ಬಸಳೆ ಇದ್ದೇ ಇದೆ.

ಹಾಗಲಕಾಯಿ ರಸ, ಮೆಂತೆ, ನೇರಳೆ ಬೀಜದ ಪುಡಿ, ಕಾಯಿ ಹಲಸಿನ ಹಿಟ್ಟು ಅಂತ ವಾಟ್ಸಾಪಿನಲ್ಲಿ ದಿನಾ ಬರುತ್ತದೆ. ಅಕ್ಕಿ ಹಿಟ್ಟಿನ ಬದಲಿಗೆ ಬಳಸಿದರೆ ಹಲಸಿನ ಹಿಟ್ಟಿನಿಂದ ಉಪಯೋಗ ಆಗಬಹುದು, ಅಕ್ಕಿಯ ಮೇಲೆ ಅದನ್ನೂ ಸೇರಿಸಿ ತಿಂದರೆ ಇಲ್ಲ. ಮಾತ್ರೆ ಬಿಡಿಸುತ್ತೇವೆ ಅಂತ ಮಾರುವ ಪುಡಿ ಯಾವುದನ್ನೂ ಮುಟ್ಟಬೇಡಿ.

ಹಂತ 9: ಮೂರು ತಿಂಗಳ ಭೇಟಿ

ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ (ಕೊನೆಯ ಎರಡು ಕಿಡ್ನಿಯ ಪರೀಕ್ಷೆ) ಮಾಡಿಸಿ. ಕಣ್ಣಿನ ಒಳಪದರದ ಪರೀಕ್ಷೆ ಶುಗರ್ ಗೊತ್ತಾದ ಕೂಡಲೇ ಒಮ್ಮೆ ಆಗಬೇಕು, ಟೈಪ್ 2 ಎಷ್ಟು ವರ್ಷದಿಂದ ಒಳಗೆ ಇತ್ತೋ ಹೇಳಲಾಗುವುದಿಲ್ಲ. ಕೇರಳ ಆರೋಗ್ಯ ಇಲಾಖೆಯ ನಯನಾಮೃತಂ ಯೋಜನೆ ಇರುವುದು ಇದಕ್ಕೇ. ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಪಾದ ಪ್ರತಿ ರಾತ್ರಿ ನೋಡಿಕೊಳ್ಳಿ. ತೋಟದಲ್ಲಿ ಬರಿಗಾಲಲ್ಲಿ ನಡೆಯುವ ಅಭ್ಯಾಸ ಬಿಡಬೇಕು. ಮುಳ್ಳು ಚುಚ್ಚಿದ್ದು, ಉಂಬುಳ ಕಚ್ಚಿದ್ದು ಗೊತ್ತೇ ಆಗದೆ ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಬೆರಳ ಸಂದಿ ಒಣಗಿಸಿ.

ಅಂಕೆ ಬರೆದ ಪುಸ್ತಕ ಡಾಕ್ಟ್ರಿಗೆ ತೋರಿಸಿ, "ಮಾತ್ರೆ ಇಳಿಸಬಹುದಾ" ಅಂತ ಕೇಳಿ. ಮಾತ್ರೆ ಪೂರ್ತಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳ ನಂತರವೂ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಇದ್ದರೆ ಅದನ್ನು ರೆಮಿಷನ್ ಅನ್ನುತ್ತಾರೆ. ಬೇಗ ಗೊತ್ತಾದವರಿಗೆ, ತೂಕ ಚೆನ್ನಾಗಿ ಇಳಿಸಿದವರಿಗೆ ಇದರ ಸಾಧ್ಯತೆ ಜಾಸ್ತಿ. ಹಳೆಯ ಊಟಕ್ಕೆ ಮರಳಿದರೆ ಶುಗರೂ ಮರಳುತ್ತದೆ, ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ತಪ್ಪಿಸುವಂತಿಲ್ಲ.

ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಇಳಿಯುವುದಿಲ್ಲ. ಮೊದಲೇ ತೆಳ್ಳಗಿದ್ದು, ಅನ್ನ ಕಡಿಮೆ ಮಾಡಿದ ಮೇಲೂ ಶುಗರ್ ಏರುತ್ತಾ ತೂಕ ಇಳಿಯುತ್ತಾ ಇದ್ದರೆ, ಅದು ಇನ್ಸುಲಿನ್ ಬೇಕಾದ ಬೇರೆ ಬಗೆಯ ಮಧುಮೇಹ ಇರಬಹುದು. ಅನ್ನವನ್ನು ಇನ್ನೂ ಕಡಿಮೆ ಮಾಡುತ್ತಾ ಕೂರಬೇಡಿ. ಸಿ-ಪೆಪ್ಟೈಡ್ ಮತ್ತು ಗ್ಯಾಡ್ ಆಂಟಿಬಾಡಿ ಎಂಬ ಎರಡು ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟ್ರನ್ನು ಕೇಳಿ, ಮೂರು ತಿಂಗಳು ಕಾಯದೆ ಆ ವಾರವೇ.